‘ಗೊತ್ತಿಲ್ಲದ ಇತಿಹಾಸ’ದ ಮೂಲ ಯಾವುದು? ತೆರೆಯ ಮೇಲೇ ತೋರಿಸಿ

ಮಾನ್ಯ ಸಂಪಾದಕರೇ,

ಟಿ.ವಿ.ಯಲ್ಲಿ ‘ಯಾರಿಗೂ ಗೊತ್ತಿಲ್ಲದ ಇತಿಹಾಸ’ ಹೇಳುವ ಸರಣಿಗಳಿಗೆ ಈಗ ಸುಗ್ಗಿಯ ಕಾಲ. ರಾಜರು, ಯುದ್ಧಗಳು, ಇಸವಿಗಳು ಎಂಬ ಮೂರು ಗೋಡೆಗಳಿಂದ ಆಚೆಗೆ ನೋಡುಗರನ್ನು ಕರೆದೊಯ್ಯುವ ಕೆಲಸ ಅದಾದ್ದರಿಂದ ಸಂತೋಷವೇ. ತೊಂದರೆ ಏನೆಂದರೆ, ಅಲ್ಲಿ ಬರುವ ಸಂಗತಿಗಳಲ್ಲಿ ಒಂದಷ್ಟು ಇಷ್ಟು ದಿನ ಯಾರಿಗೂ ಗೊತ್ತಾಗದೆ ಇದ್ದದ್ದಕ್ಕೆ ಕಾರಣ ಅವು ನಡೆದೇ ಇಲ್ಲದಿರುವುದು.

ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಅದರಲ್ಲಿ ಹತ್ತು ‘ರಹಸ್ಯ’ ತುರುಕಿದರೆ ಒಂದಕ್ಕೆ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಮೊದಲು ಬಿದ್ದುಹೋಗುವುದು ‘ಇದು ನಮಗೆ ಹೇಗೆ ತಿಳಿಯಿತು’ ಎಂಬ ಭಾಗ. ನಮ್ಮ ಬೇಡಿಕೆ ಒಂದೇ ಒಂದು ಸಾಲಿನದು. ಪ್ರತಿ ಸಂಗತಿ ಬರುವಾಗ ತೆರೆಯ ಕೆಳಗೆ ಹಾಕಿ: ಇದನ್ನು ಮೊದಲು ಬರೆದವರು ಯಾರು, ಘಟನೆ ನಡೆದು ಎಷ್ಟು ವರ್ಷದ ಮೇಲೆ.

ರೋಮ್ ಉರಿಯುವಾಗ ನೀರೋ ಪಿಟೀಲು ಬಾರಿಸಿದ ಕಥೆಗೆ ಈ ಸಾಲನ್ನು ಹಾಕಿ ನೋಡೋಣ. ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ. ವಿವರವಾಗಿ ಬರೆದಿಟ್ಟ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಆಗ ಎಂಟು ವರ್ಷದ ಆಸುಪಾಸಿನ ಹುಡುಗ. ಬರೆದದ್ದು ಸುಮಾರು ಐವತ್ತು ವರ್ಷ ಕಳೆದ ಮೇಲೆ. ಬೆಂಕಿ ಬಿದ್ದಾಗ ನೀರೋ ಆಂಟಿಯಂ ಎಂಬ ಕರಾವಳಿ ಊರಿನಲ್ಲಿದ್ದ, ಮರಳಿ ಬಂದು ಮನೆ ಕಳೆದುಕೊಂಡವರಿಗೆ ತನ್ನ ತೋಟಗಳನ್ನು ಬಿಟ್ಟುಕೊಟ್ಟ, ಆದರೂ ಊರು ಉರಿಯುವಾಗ ಟ್ರಾಯ್ ನಾಶವಾದ ಹಾಡು ಹಾಡಿದನೆಂಬ ಗುಲ್ಲು ಎದ್ದಿತು ಎನ್ನುತ್ತಾನೆ ಆತ. ಅದೇ ಕಾಲದ ಸ್ವೆಟೋನಿಯಸ್‌ನ ಬರಹದಲ್ಲಿ ಗುಲ್ಲು ಎಂಬ ಮಾತು ಮಾಯವಾಗಿ, ಹಾಡಿದ್ದು ನಡೆದ ಸಂಗತಿಯೇ ಆಗಿಬಿಡುತ್ತದೆ. ಇನ್ನೂ ಸುಮಾರು ನೂರು ವರ್ಷದ ನಂತರದ ಕ್ಯಾಸಿಯಸ್ ಡಿಯೊ ನೀರೋನನ್ನು ಅರಮನೆಯ ಮಾಳಿಗೆಗೆ ಹತ್ತಿಸುತ್ತಾನೆ. ಪಿಟೀಲಂತೂ 16ನೇ ಶತಮಾನದಲ್ಲಿ ರೂಪುಗೊಂಡ ವಾದ್ಯ. ಒಂದು ಗುಲ್ಲು ಮೂರು ಕೈ ದಾಟಿ ಬೆಳೆದ ಬಗೆಯನ್ನು ತೋರಿಸಲು ಎರಡು ನಿಮಿಷ ಸಾಕು, ಉರಿಯುವ ಅರಮನೆಯ ಗ್ರಾಫಿಕ್ಸ್ ಖರ್ಚೂ ಉಳಿಯುತ್ತದೆ.

ಹುಡುಕುವಾಗ ಹಿಡಿಯಬೇಕಾದ ಎಳೆ ಇದೇ: ಒಂದು ಸಂಗತಿಯ ಮೊತ್ತಮೊದಲ ಉಲ್ಲೇಖ. ಒಳಗೆಲ್ಲ ಮೊಳೆಗಳಿರುವ ಪೆಟ್ಟಿಗೆಯಲ್ಲಿ ಮನುಷ್ಯರನ್ನು ನಿಲ್ಲಿಸಿ ಬಾಗಿಲು ಹಾಕುತ್ತಿದ್ದ ‘ಕಬ್ಬಿಣದ ಕನ್ಯೆ’ಯನ್ನು ಮಧ್ಯಯುಗದ ಹಿಂಸಾಯಂತ್ರವೆಂದು ತೋರಿಸದ ಸರಣಿ ಅಪರೂಪ. ಅದನ್ನು ಹೇಳಿದ್ದು 1793ರಲ್ಲಿ ಯೋಹಾನ್ ಫಿಲಿಪ್ ಸೀಬೆನ್‌ಕೀಸ್ ಎಂಬ ಲೇಖಕ, ಅದೂ 1515ರಲ್ಲಿ ಹೀಗಾಯಿತೆಂದು. ನಡುವಿನ 278 ವರ್ಷ ಯಾವ ನ್ಯಾಯಾಲಯದ ದಾಖಲೆಯೂ ಅದರ ಸುದ್ದಿ ಎತ್ತುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಪ್ರಸಿದ್ಧವಾದ ಪೆಟ್ಟಿಗೆಗಳು ಆ ಬರಹದ ನಂತರ, 19ನೇ ಶತಮಾನದಲ್ಲಿ ತಯಾರಾದವು. ಬರಹ ಮೊದಲು, ವಸ್ತು ಆಮೇಲೆ. ‘ವಸ್ತುಸಂಗ್ರಹಾಲಯದಲ್ಲೇ ಇದೆಯಲ್ಲ’ ಎನ್ನುವ ಸಂಶೋಧನಾ ತಂಡ ಆ ವಸ್ತು ಅಲ್ಲಿಗೆ ಯಾವಾಗ, ಯಾರಿಂದ ಬಂತು ಎಂದು ಕೇಳುವುದನ್ನು ಮರೆಯಬಾರದು.

ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ ಎಂದಳಂತೆ ಫ್ರಾನ್ಸಿನ ರಾಣಿ ಮರಿ ಆಂಟೊಯ್ನೆಟ್. ಆ ಮಾತು ಬರುವುದು ತತ್ತ್ವಜ್ಞಾನಿ ರೂಸೋನ ಆತ್ಮಕಥೆಯಲ್ಲಿ, ಹೆಸರಿಲ್ಲದ ‘ಒಬ್ಬ ದೊಡ್ಡ ರಾಜಕುಮಾರಿ’ಯ ಬಾಯಲ್ಲಿ. ಆ ಭಾಗ ಬರೆದಾಗ, ಅಂದರೆ 1760ರ ದಶಕದ ನಡುವಿನಲ್ಲಿ, 1755ರಲ್ಲಿ ಹುಟ್ಟಿದ ಈ ಹುಡುಗಿ ಇನ್ನೂ ವಿಯೆನ್ನಾದಲ್ಲಿದ್ದಳು. ಫ್ರಾನ್ಸಿಗೆ ಬಂದದ್ದು 1770ರಲ್ಲಿ. ಹಾಗೆಯೇ 1752ರಲ್ಲಿ ಇಂಗ್ಲೆಂಡ್ ಕ್ಯಾಲೆಂಡರ್ ಬದಲಿಸಿ ಸೆಪ್ಟೆಂಬರ್ 2ರ ಮರುದಿನ 14 ಎಂದಾಗ ಜನ ‘ನಮ್ಮ ಹನ್ನೊಂದು ದಿನ ಕೊಡಿ’ ಎಂದು ದಂಗೆ ಎದ್ದರೆಂಬ ಕಥೆ. ಆ ಘೋಷಣೆ ಕಾಣುವುದು ಚಿತ್ರಕಾರ ಹೋಗಾರ್ತ್ 1755ರ ಹೊತ್ತಿಗೆ ಬರೆದ ಚುನಾವಣೆಯ ವ್ಯಂಗ್ಯಚಿತ್ರದಲ್ಲಿ. ಅಂಥ ದಂಗೆಗೆ ಆ ಕಾಲದ ದಾಖಲೆ ಸಿಕ್ಕಿಲ್ಲ.

ಇದಕ್ಕಿಂತ ಕಷ್ಟದ ಜಾತಿ ಇನ್ನೊಂದಿದೆ: ಘಟನೆ ನಿಜ, ಬಾಲ ಸುಳ್ಳು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಸೇಂಟ್ ಜೈಲ್ಸ್ ಬಡಾವಣೆಯಲ್ಲಿ ಬಿಯರ್ ಪ್ರವಾಹ ಬಂದದ್ದು ನೂರಕ್ಕೆ ನೂರು ನಿಜ. ಟಿ.ವಿ.ಯಲ್ಲಿ ಇದು ಯಾವಾಗಲೂ ನಗೆಯ ತುಣುಕು: ಜನ ಬಕೆಟ್ ಹಿಡಿದು ಓಡಿದರು, ಕುಡಿದು ಕುಡಿದು ಸತ್ತರು, ಆಸ್ಪತ್ರೆಯಲ್ಲಿ ವಾಸನೆಗೇ ಗಲಾಟೆಯಾಯಿತು. ಅಂದಿನ ಪತ್ರಿಕೆಗಳಲ್ಲಿ ಇದ್ಯಾವುದೂ ಇಲ್ಲ. ಸಾವಿನ ವಿಚಾರಣೆಯಲ್ಲಿ ಹೊರಬಂದದ್ದು ಬೇರೆಯದೇ. ಬಿಯರ್ ಕಾರ್ಖಾನೆಯ 22 ಅಡಿ ಎತ್ತರದ ಮರದ ತೊಟ್ಟಿಯನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಗಳಲ್ಲಿ ಒಂದು, ಸುಮಾರು 320 ಕೆ.ಜಿ. ತೂಕದ್ದು, ಸಂಜೆ ನಾಲ್ಕೂವರೆಗೆ ಜಾರಿ ಬಿತ್ತು. ಆಗಾಗ ಹಾಗಾಗುತ್ತಿದ್ದುದರಿಂದ ಅಪಾಯವಿಲ್ಲ ಎಂದುಕೊಂಡರು. ಪಟ್ಟಿ ಸರಿಪಡಿಸಿ ಎಂದು ಬರೆದ ಚೀಟಿ ಉಗ್ರಾಣದ ಗುಮಾಸ್ತನ ಕೈಯಲ್ಲಿರುವಾಗಲೇ ತೊಟ್ಟಿ ಒಡೆಯಿತು. ಹಿಂದಿನ ಗೋಡೆ ಕುಸಿದು ಬಡವರ ಮನೆಗಳಿಗೆ ನುಗ್ಗಿದ ಆ ಅಲೆಗೆ ಎಂಟು ಮಂದಿ ಸತ್ತರು, ಎಲ್ಲರೂ ಹೆಂಗಸರು ಮತ್ತು ಮಕ್ಕಳು. ಅವರಲ್ಲಿ ಐವರು ನೆಲಮಾಳಿಗೆಯ ಕೋಣೆಯಲ್ಲಿ ಎರಡು ವರ್ಷದ ಮಗುವಿನ ಶವ ಕಾಯುತ್ತ ಕೂತಿದ್ದವರು. ನಗೆಯ ಬಾಲ ಕತ್ತರಿಸಿದರೆ ಕಂತು ಸಪ್ಪೆಯಾಗುತ್ತದೆಂಬ ನಿರ್ಮಾಪಕರ ಹೆದರಿಕೆಗೆ ಈ ವಿಚಾರಣೆಯ ಕಾಗದವೇ ಉತ್ತರ.

ಇನ್ನು ಅಂಕಿಗಳು. ತಪ್ಪು ಹೆಚ್ಚಾಗಿ ಹುಟ್ಟುವುದು ಅಳತೆಯ ಹೆಸರು ಒಂದೇ ಇದ್ದು ಅಳತೆ ಬೇರೆಯಾದಾಗ. ನೆಪೋಲಿಯನ್ ಎತ್ತರ 5 ಅಡಿ 2 ಅಂಗುಲ ಎಂದು ಫ್ರೆಂಚ್ ದಾಖಲೆ. ಅಂದಿನ ಫ್ರೆಂಚ್ ಅಡಿ 32.48 ಸೆಂ.ಮೀ., ಇಂಗ್ಲಿಷ್ ಅಡಿ 30.48. ಲೆಕ್ಕ ಹಾಕಿದರೆ ಸುಮಾರು 168 ಸೆಂ.ಮೀ., ಅಂದಿನ ಫ್ರೆಂಚರಲ್ಲಿ ಕುಳ್ಳ ಎನ್ನಿಸಿಕೊಳ್ಳುವ ಎತ್ತರವಲ್ಲ. ಇಂಗ್ಲಿಷ್ ಅಳತೆ ಎಂದುಕೊಂಡರೆ 157ಕ್ಕೆ ಇಳಿದುಬಿಡುತ್ತಾನೆ; ಮಿಕ್ಕ ಕೆಲಸ ಇಂಗ್ಲೆಂಡಿನ ಗಿಲ್‌ರೇಯ ವ್ಯಂಗ್ಯಚಿತ್ರಗಳು ಮಾಡಿದವು. ಸ್ಕ್ರಿಪ್ಟಿನಲ್ಲಿ ಮೈಲಿ, ಪೌಂಡು, ಗ್ಯಾಲನ್, ಟನ್ ಎಂದು ಬಂದಲ್ಲೆಲ್ಲ ‘ಯಾವ ದೇಶದ್ದು, ಯಾವ ಕಾಲದ್ದು’ ಎಂದು ಅಂಚಿನಲ್ಲಿ ಬರೆದುಕೊಳ್ಳಬೇಕು.

ಸೈನ್ಯದ ಸಂಖ್ಯೆ ಬಂದರೆ ಭಾಗಾಕಾರ ಮಾಡಿ. ಗ್ರೀಸಿನ ಮೇಲೆ ಬಂದ ಪರ್ಷಿಯಾದ ದೊರೆ ಝರ್ಕ್ಸೀಸನ ಜೊತೆ ಆಳುಕಾಳು ಸೇರಿ 52,83,220 ಮಂದಿ ಇದ್ದರೆಂದು ಹೆರೊಡೋಟಸ್ ಕೊನೆಯ ಇಪ್ಪತ್ತರವರೆಗೆ ಎಣಿಸಿ ಬರೆಯುತ್ತಾನೆ. ತಲೆಗೆ ದಿನಕ್ಕೆ ಒಂದು ಖೋಯ್ನಿಕ್ಸ್ ಗೋಧಿ ಎಂದರೆ ದಿನವೊಂದಕ್ಕೆ 1,10,340 ಮೆಡಿಮ್ನೋಸ್ (ಎರಡೂ ಗ್ರೀಕರ ಧಾನ್ಯದ ಅಳತೆಗಳು) ಬೇಕೆಂದು ಅವನೇ ಲೆಕ್ಕವನ್ನೂ ಕೊಡುತ್ತಾನೆ. ಒಂದು ಮೆಡಿಮ್ನೋಸಿಗೆ 48 ಖೋಯ್ನಿಕ್ಸ್. ಭಾಗಿಸಿದರೆ 1,10,067 ಬರುತ್ತದೆ. ಇತಿಹಾಸದ ಪಿತಾಮಹನ ಭಾಗಾಕಾರದಲ್ಲಿ 273 ಹೆಚ್ಚು! ಆದರೆ ಮುಖ್ಯ ಪ್ರಶ್ನೆ ಅದಲ್ಲ, ಅಷ್ಟು ಗೋಧಿಯನ್ನು ದಿನಾ ಯಾವ ದಾರಿಯಲ್ಲಿ, ಯಾವ ಪ್ರಾಣಿಯ ಬೆನ್ನ ಮೇಲೆ ತಂದರು ಎನ್ನುವುದು. ‘ಐವತ್ತು ಲಕ್ಷ ಸೈನಿಕರು’ ಎಂದು ಗ್ರಾಫಿಕ್ಸ್‌ನಲ್ಲಿ ಇರುವೆಗಳಂತೆ ತೋರಿಸುವವರು ಈ ಪ್ರಶ್ನೆ ಕೇಳಿಕೊಂಡಂತಿಲ್ಲ. ಚಂದ್ರನಿಂದ ಚೀನಾದ ಮಹಾಗೋಡೆ ಕಾಣುವುದೂ ಇಂಥದೇ. ಅದನ್ನು ಸ್ಟ್ಯೂಕ್ಲಿ ಎಂಬಾತ 1754ರ ಪತ್ರವೊಂದರಲ್ಲೇ ಬರೆದಿದ್ದ, ಚಂದ್ರನ ಮೇಲೆ ಮನುಷ್ಯ ಕಾಲಿಡುವುದಕ್ಕೆ 215 ವರ್ಷ ಮೊದಲು. 3,84,400 ಕಿ.ಮೀ. ದೂರದಿಂದ ಬರಿಗಣ್ಣು ಬಿಡಿಸಿ ನೋಡಬಲ್ಲದ್ದು ಸುಮಾರು 110 ಕಿ.ಮೀ. ಅಗಲದ ವಸ್ತುವನ್ನು. ಗೋಡೆಯ ಅಗಲ ಕೆಲವೇ ಮೀಟರು.

‘ಇಂದಿನ ಬೆಲೆಯಲ್ಲಿ ಇಷ್ಟು ಲಕ್ಷ ಕೋಟಿ’ ಎಂಬ ವಾಕ್ಯವನ್ನಂತೂ ಕೈಬಿಟ್ಟರೇ ಲೇಸು. 1324ರಲ್ಲಿ ಕೈರೋ ಹಾದು ಮೆಕ್ಕಾಗೆ ಹೋದ ಮಾಲಿಯ ದೊರೆ ಮನ್ಸಾ ಮೂಸಾನ ಆಸ್ತಿಯನ್ನು ಡಾಲರಿನಲ್ಲಿ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಇರುವ ಆಧಾರ ಆ ಕಾಲದ ಅರಬ್ ಲೇಖಕ ಅಲ್-ಉಮರಿಯದು: ಒಂದು ಮಿಸ್ಕಾಲ್ ತೂಕದ ಚಿನ್ನಕ್ಕೆ 25 ದಿರ್ಹಮ್ ಬೆಳ್ಳಿ ನಾಣ್ಯಗಳಿಗಿಂತ ಕೆಳಗಿಳಿಯದ ಬೆಲೆ, ಅವನು ಬಂದುಹೋದ ಮೇಲೆ 22ಕ್ಕೂ ಕೆಳಗೆ ಬಿದ್ದು, ಹನ್ನೆರಡು ವರ್ಷವಾದರೂ ಏಳಲಿಲ್ಲ. ಈ 25 ಮತ್ತು 22 ಹೇಳುವಷ್ಟನ್ನು ಡಾಲರಿನ ಸೊನ್ನೆಗಳು ಹೇಳುವುದಿಲ್ಲ.

ದಿನಾಂಕದ ತಪ್ಪುಗಳಲ್ಲಿ ‘ಕಾಕತಾಳೀಯ’ ಎಂಬ ವಿಭಾಗವೇ ಬೇರೆ. ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಎನ್ನುತ್ತಾರೆ. ಸ್ಪೇನ್ ಆಗಲೇ ಹೊಸ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಿತ್ತು, ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್‌ನಲ್ಲಿತ್ತು; ಎರಡಕ್ಕೂ ನಡುವೆ ಹತ್ತು ದಿನ. ಸ್ಪೇನಿನ ಲೆಕ್ಕದಲ್ಲಿ ಶೇಕ್ಸ್‌ಪಿಯರ್ ತೀರಿಕೊಂಡದ್ದು ಮೇ 3ರಂದು. ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಮಣ್ಣಾದ ದಿನ. ಗೆಲಿಲಿಯೊ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಎಂಬುದು ಇನ್ನೂ ಸೊಗಸು. ಗ್ರೆಗೋರಿಯನ್ ಪ್ರಕಾರ ಒಬ್ಬ ಹೋದದ್ದು 1642ರ ಜನವರಿ 8, ಇನ್ನೊಬ್ಬ ಬಂದದ್ದು 1643ರ ಜನವರಿ 4. ಜೂಲಿಯನ್ ಪ್ರಕಾರ 1641ರ ಡಿಸೆಂಬರ್ 29 ಮತ್ತು 1642ರ ಡಿಸೆಂಬರ್ 25. ಎರಡರಲ್ಲೂ ವರ್ಷ ಒಂದಾಗುವುದಿಲ್ಲ. ಒಂದಾಗಬೇಕಾದರೆ ಸಾವನ್ನು ಒಂದು ಪಂಚಾಂಗದಿಂದ, ಹುಟ್ಟನ್ನು ಇನ್ನೊಂದರಿಂದ ತೆಗೆದುಕೊಳ್ಳಬೇಕು.

ಶಕ ವರ್ಷಕ್ಕೆ 78 ಕೂಡಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಚೈತ್ರಕ್ಕೆ ವರ್ಷ ಶುರುವಾಗುವುದರಿಂದ ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಗಳಿಗೆ ಸಾಮಾನ್ಯವಾಗಿ 79 ಕೂಡಿಸಬೇಕು. ಶಾಸನ ಎಣಿಸುವುದು ಪೂರ್ತಿ ಮುಗಿದ ವರ್ಷಗಳನ್ನೋ ನಡೆಯುತ್ತಿರುವ ವರ್ಷವನ್ನೂ ಸೇರಿಸಿಯೋ ನೋಡಿಕೊಳ್ಳಬೇಕು. ಹಿಜರಿಗೆ ಒಂದೇ ಅಂಕಿ ಕೂಡಿಸುವ ಸೂತ್ರ ನಡೆಯುವುದೇ ಇಲ್ಲ. ಅದರ ವರ್ಷಕ್ಕೆ 354 ಅಥವಾ 355 ದಿನ, 33 ಹಿಜರಿ ವರ್ಷ ಕಳೆಯುವಷ್ಟರಲ್ಲಿ ಸೌರ ವರ್ಷ 32 ಆಗಿರುತ್ತದೆ. ಕ್ರಿಸ್ತಪೂರ್ವದಿಂದ ಕ್ರಿಸ್ತಶಕಕ್ಕೆ ದಾಟುವಾಗ ಸೊನ್ನೆ ವರ್ಷವಿಲ್ಲವೆಂದು ಒಂದು ಕಳೆಯಬೇಕು. ಕ್ರಿ.ಪೂ. 30ರಲ್ಲಿ ಸತ್ತ ಕ್ಲಿಯೋಪಾತ್ರಾಗೂ 1969ರ ಚಂದ್ರಯಾತ್ರೆಗೂ ಅಂತರ 1998 ವರ್ಷ, 1999 ಅಲ್ಲ. ಅವಳು ಗೀಜಾದ ಮಹಾಪಿರಮಿಡ್ಡಿಗಿಂತ ಚಂದ್ರಯಾತ್ರೆಗೇ ಹತ್ತಿರದವಳು ಎಂಬುದು, ಅಂದಹಾಗೆ, ನಿಜವಾದ ‘ಅಚ್ಚರಿ’.

ಇಷ್ಟೆಲ್ಲ ಮಾತಿನ ವಿಷಯ. ಟಿ.ವಿ.ಯಲ್ಲಿ ಜನ ನಂಬುವುದು ಮಾತನ್ನಲ್ಲ, ಚಿತ್ರವನ್ನು. ಉತ್ತರ ಯುರೋಪಿನ ಕಡಲಯೋಧರಾದ ವೈಕಿಂಗರ ಕೊಂಬಿನ ಶಿರಸ್ತ್ರಾಣ ಜನಪ್ರಿಯವಾದದ್ದು 1876ರಲ್ಲಿ ಜರ್ಮನಿಯ ವಾಗ್ನರನ ಸಂಗೀತನಾಟಕಕ್ಕೆ ಡೋಪ್ಲರ್ ಬರೆದುಕೊಟ್ಟ ವೇಷಭೂಷಣದಿಂದ. ನಾರ್ವೆಯಲ್ಲಿ 1943ರಲ್ಲಿ ಸಿಕ್ಕ ನಿಜವಾದ ವೈಕಿಂಗ್ ಶಿರಸ್ತ್ರಾಣಕ್ಕೆ ಕೊಂಬಿಲ್ಲ. ಡೆನ್ಮಾರ್ಕಿನಲ್ಲಿ 1942ರಲ್ಲಿ ಸಿಕ್ಕ ಕೊಂಬಿನ ಜೋಡಿ ಕಂಚಿನ ಯುಗದ್ದು, ವೈಕಿಂಗರಿಗಿಂತ ಒಂದೂವರೆ ಸಾವಿರ ವರ್ಷಕ್ಕೂ ಹಳೆಯದು. ನಿರೂಪಕರು ‘ಕೊಂಬಿರಲಿಲ್ಲ’ ಎನ್ನುವಾಗಲೂ ಹಿನ್ನೆಲೆಯಲ್ಲಿ ಕೊಂಬಿನವರು ಹಡಗು ನಡೆಸುತ್ತಿದ್ದರೆ ಮನಸ್ಸಿನಲ್ಲಿ ಉಳಿಯುವುದು ಕೊಂಬೇ.

ಹಳೆಯ ಫೋಟೊ ಸಿಕ್ಕಿತೆಂದರೆ ಸಾಕ್ಷ್ಯ ಸಿಕ್ಕಿತೆಂದಲ್ಲ. ಅಮೆರಿಕದ ಬಂದೂಕುಗಾರ ಬಿಲ್ಲಿ ದ ಕಿಡ್ ಎಡಗೈಯವನೆಂದು ದಶಕಗಟ್ಟಲೆ ನಂಬಿದ್ದರು. ಕಾರಣ ಅವನ ಟಿನ್‌ಟೈಪ್ ಚಿತ್ರ. ತಗಡಿನ ಮೇಲೆ ನೇರವಾಗಿ ಮೂಡುವ ಆ ಚಿತ್ರದಲ್ಲಿ ಎಡಬಲ ಅದಲುಬದಲಾಗಿರುತ್ತದೆ. ಅವನ ಕೈಯಲ್ಲಿದ್ದ 1873ರ ಮಾದರಿಯ ವಿಂಚೆಸ್ಟರ್ ಬಂದೂಕಿನ ಗುಂಡು ತುಂಬುವ ಬಾಗಿಲು ಬಲಬದಿಗೆ ಇರಬೇಕು, ಚಿತ್ರದಲ್ಲಿ ಎಡಕ್ಕಿದೆ. ಅಂಗಿಯ ಗುಂಡಿ ಹಾಕಿದ ಬದಿ, ಅಕ್ಷರ, ಬಂದೂಕಿನ ಬಾಗಿಲು: ಹಳೆಯ ಚಿತ್ರ ಬಳಸುವ ಮುನ್ನ ಇವನ್ನು ನೋಡಲು ಒಂದು ನಿಮಿಷ ಸಾಕು. ಜೋಡಿಸಿದ ಚಿತ್ರಗಳ ಕಥೆ ಇನ್ನೊಂದು. ಅಮೆರಿಕದ ಅಂತರ್ಯುದ್ಧದಲ್ಲಿ 1863ರ ಗೆಟಿಸ್‌ಬರ್ಗ್ ಕಾಳಗದ ನಂತರ ಛಾಯಾಗ್ರಾಹಕ ಗಾರ್ಡ್‌ನರ್ ತಂಡ ಒಬ್ಬ ಸತ್ತ ಸೈನಿಕನನ್ನು ಸುಮಾರು 40 ಗಜ ಹೊತ್ತೊಯ್ದು, ಕಲ್ಲುಗಳ ಮರೆಯಲ್ಲಿ ಮಲಗಿಸಿ, ಪಕ್ಕದಲ್ಲಿ ಬಂದೂಕು ಇಟ್ಟು ಮತ್ತೆ ಫೋಟೊ ತೆಗೆಯಿತು; ಒಂದೇ ಶವ ಎರಡು ಜಾಗದ ಚಿತ್ರಗಳಲ್ಲಿ ಇದ್ದದ್ದು ಬಹಳ ಕಾಲದ ಮೇಲೆ ಹೊರಬಿತ್ತು. 1917ರ ರಷ್ಯಾ ಕ್ರಾಂತಿಯಲ್ಲಿ ‘ಚಳಿಗಾಲದ ಅರಮನೆ’ಗೆ ಹಾಕಿದ ಮುತ್ತಿಗೆ ಎಂದು ಓಡಾಡುವ ಪ್ರಸಿದ್ಧ ಫೋಟೊ 1920ರಲ್ಲಿ ಅದೇ ಜಾಗದಲ್ಲಿ ಸಾವಿರಾರು ಜನ ಸೇರಿ ಆಡಿದ ಬಯಲು ನಾಟಕದ್ದು.

ಚಲಿಸುವ ಚಿತ್ರಕ್ಕೆ ಬೇರೆ ಕಾಯಿಲೆಗಳು. ಮೂಕಿ ಕಾಲದ ಫಿಲ್ಮನ್ನು ಸೆಕೆಂಡಿಗೆ ಸುಮಾರು 16 ಚೌಕಟ್ಟಿನಂತೆ ಕೈಯಲ್ಲಿ ತಿರುಗಿಸಿ ತೆಗೆಯುತ್ತಿದ್ದರು. ಅದನ್ನು ಹಾಗೇ 25 ಚೌಕಟ್ಟಿನ ಟಿ.ವಿ.ಗೆ ಹಾಕಿದರೆ 30 ಸೆಕೆಂಡಿನ ದೃಶ್ಯ 19 ಸೆಕೆಂಡಿನಲ್ಲಿ ಮುಗಿದು, ಕಂದಕಕ್ಕೆ ಹೋಗುವ ಸೈನಿಕರು ಕೋಡಂಗಿಗಳಂತೆ ಕುಣಿಯುತ್ತಾರೆ. 4:3 ಅಳತೆಯ ಹಳೆಯ ಚಿತ್ರವನ್ನು ಅಗಲ ತೆರೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದರೆ ಕಾಲುಭಾಗ ಹೋಯಿತು. ಎಳೆದು ಹಿಗ್ಗಿಸಿದರೆ ಎಲ್ಲರೂ ಮೂರನೇ ಒಂದರಷ್ಟು ದಪ್ಪಗಾದರು. ಎರಡು ಬದಿಯಲ್ಲಿ ಕಪ್ಪು ಬಿಡುವುದರಲ್ಲಿ ನಾಚಿಕೆಯೇನಿಲ್ಲ. ಬಣ್ಣ ತುಂಬುವ ಹುಚ್ಚು ಈಗ ಹೆಚ್ಚಾಗಿದೆ. ಅಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ, ನೀಲಿಯೆಲ್ಲ ಬಿಳುಪಾಗಿ ಮೂಡುತ್ತಿತ್ತು. ಬೂದುಬಣ್ಣದ ಗಾಢತೆ ನೋಡಿ ಯಂತ್ರ ಊಹಿಸಿದ ಬಣ್ಣದಲ್ಲಿ ಕೆಂಪು ಪಟ್ಟಿ ಕಂದೋ ಕಪ್ಪೋ ಆಗಿಬಿಡುತ್ತದೆ. ಬಣ್ಣ ಹಾಕಿದರೆ ‘ಬಣ್ಣ ಊಹೆ’ ಎಂದು ಬರೆಯಲಿ. ನಟರು ಆಡಿದ ದೃಶ್ಯಕ್ಕೆ ‘ಮರುಸೃಷ್ಟಿ’ ಎಂಬ ಚೀಟಿ ಕಂತಿನ ಮೊದಲಲ್ಲಿ ಒಮ್ಮೆ ಬಂದರೆ ಸಾಲದು, ನಡುವೆ ಚಾನೆಲ್ ತಿರುಗಿಸಿ ಬಂದವರಿಗೆ ಅದು ಕಾಣುವುದಿಲ್ಲ. ದೃಶ್ಯ ಇರುವಷ್ಟು ಹೊತ್ತೂ ಮೂಲೆಯಲ್ಲಿರಬೇಕು.

‘ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎಂಬ ಮಾತು ಬಂದಾಗ ಏನನ್ನು ಪರೀಕ್ಷಿಸಿದರು ಎಂದು ಕೇಳಬೇಕು. ಇಂಗಾಲ-14 ಪರೀಕ್ಷೆ ಒಮ್ಮೆ ಬದುಕಿದ್ದ ವಸ್ತುವಿಗೆ ಮಾತ್ರ: ಮರ, ಮೂಳೆ, ಬಟ್ಟೆ, ಕಾಳು. ಕಲ್ಲಿನ ವಿಗ್ರಹಕ್ಕೂ ಚಿನ್ನದ ನಾಣ್ಯಕ್ಕೂ ಅದು ನಡೆಯದು. ಅರ್ಧಾಯುಷ್ಯ, ಅಂದರೆ ಇಂಗಾಲ-14 ಅರ್ಧಕ್ಕೆ ಇಳಿಯುವ ಕಾಲ, 5,730 ವರ್ಷವಾದ್ದರಿಂದ 50,000 ವರ್ಷದಾಚೆ ಎಣಿಸಲು ಏನೂ ಉಳಿದಿರುವುದಿಲ್ಲ. ವರದಿಯಲ್ಲಿ ‘1200 ± 30’ ಎಂದಿದ್ದರೆ ಅದು ಇಂದಿನಿಂದ ಹಿಂದಕ್ಕಲ್ಲ, 1950ರಿಂದ ಹಿಂದಕ್ಕೆ. ಅದನ್ನೂ ಮರದ ಉಂಗುರಗಳ ಲೆಕ್ಕದೊಂದಿಗೆ ಹೊಂದಿಸಿದ ಮೇಲಷ್ಟೇ ಇಸವಿ ಸಿಗುತ್ತದೆ. ಸಿಗುವುದೂ ಒಂದು ಇಸವಿಯಲ್ಲ, ಒಂದು ಅವಧಿ. ಯೇಸುವಿನ ಮೈಗೆ ಸುತ್ತಿದ್ದೆಂದು ಭಕ್ತರು ನಂಬುವ ಟ್ಯೂರಿನ್ನಿನ ಶವವಸ್ತ್ರವನ್ನು 1988ರಲ್ಲಿ ಮೂರು ಪ್ರಯೋಗಾಲಯಗಳು ಪರೀಕ್ಷಿಸಿ ಕೊಟ್ಟ ಉತ್ತರ 1260ರಿಂದ 1390. ಮುನ್ನೂರು ವರ್ಷ ಬದುಕಿದ ಮರದ ತಿರುಳಿನಿಂದ ಚೂರು ತೆಗೆದರೆ, ಆ ಮರದಿಂದ ಕಟ್ಟಿದ ಮನೆ ನಿಜಕ್ಕಿಂತ ಮುನ್ನೂರು ವರ್ಷ ಹೆಚ್ಚು ಹಳೆಯದಾಗಿ ಕಾಣುತ್ತದೆ.

‘ಎರಡು ಮೂಲ ನೋಡಿದ್ದೇವೆ’ ಎಂಬ ಸಮಾಧಾನಕ್ಕೆ 1983ರ ಹಿಟ್ಲರ್ ಡೈರಿಗಳನ್ನು ನೆನಪಿಸಬೇಕು. ಜರ್ಮನಿಯ ಷ್ಟೆರ್ನ್ ಪತ್ರಿಕೆ 93 ಲಕ್ಷ ಮಾರ್ಕ್ ಸುರಿಯಿತು. ಕೈಬರಹ ತಜ್ಞರು ಹೋಲಿಸಿ ‘ಒಂದೇ ಕೈ’ ಎಂದರು. ಅದು ನಿಜವೂ ಹೌದು, ಏಕೆಂದರೆ ಹೋಲಿಕೆಗೆ ಕೊಟ್ಟ ಹಾಳೆಗಳಲ್ಲೂ ಕೆಲವು ಅದೇ ಖೋಟಾಗಾರ ಕುಯಾವು ಬರೆದವೇ! ಕಾಗದದಲ್ಲಿ ಯುದ್ಧಾನಂತರ ಬಳಕೆಗೆ ಬಂದ ಬಿಳುಪುಕಾರಕ ಸಿಕ್ಕಿದಾಗ ಎಲ್ಲ ಬಯಲಾಯಿತು. ಇಂದಿನ ಸಂಶೋಧನಾ ತಂಡ ಹತ್ತು ಜಾಲತಾಣ ನೋಡಿದರೂ ಹತ್ತೂ ಒಂದನ್ನೇ ನಕಲು ಮಾಡಿದ್ದರೆ ಮೂಲ ಒಂದೇ. ಒಂದೇ ವಾಕ್ಯರಚನೆ, ಒಂದೇ ಕಾಗುಣಿತದ ತಪ್ಪು ಹತ್ತು ಕಡೆ ಕಂಡರೆ ಅದು ನಕಲಿನ ಗುರುತು.

ಮಾಡಬೇಕಾದ್ದು ದೊಡ್ಡ ಕೆಲಸವಲ್ಲ. ಟಿ.ವಿ. ಸ್ಕ್ರಿಪ್ಟಿನಲ್ಲಿ ಈಗಾಗಲೇ ದೃಶ್ಯಕ್ಕೊಂದು, ಧ್ವನಿಗೊಂದು ಎಂದು ಎರಡು ಕಾಲಂ ಇರುತ್ತವೆ. ಮೂರನೆಯದನ್ನು ಆಧಾರಕ್ಕೆ ಬಿಡಿ: ಲೇಖಕ, ವರ್ಷ, ಪುಟ, ಘಟನೆಯಿಂದ ಎಷ್ಟು ದೂರ. ಖಾಲಿ ಉಳಿದ ಸಾಲು ಚಿತ್ರೀಕರಣಕ್ಕೆ ಹೋಗಬಾರದು. ಈ ಪರಿಶೀಲನೆ ಚಿತ್ರೀಕರಣಕ್ಕೆ ಮೊದಲೇ ಆಗಬೇಕು. ನಟರು, ಸೆಟ್ಟು, ಕುದುರೆ ಎಲ್ಲಕ್ಕೂ ದುಡ್ಡು ಹಾಕಿದ ಮೇಲೆ ‘ಇದು ನಡೆದಿಲ್ಲ’ ಎಂದರೆ ಯಾವ ನಿರ್ಮಾಪಕರೂ ಕೈಬಿಡುವುದಿಲ್ಲ, ‘ಎನ್ನಲಾಗಿದೆ’ ಎಂಬ ಪದ ಸೇರಿಸಿ ದಾಟಿಸುತ್ತಾರೆ. ಆ ‘ಎನ್ನಲಾಗಿದೆ’ಯನ್ನು ನಿಷೇಧಿಸಬೇಕು, ಯಾರೆನ್ನುತ್ತಾರೆ ಎಂದು ಹೇಳಲಾಗದಿದ್ದರೆ ಸಾಲನ್ನೇ ತೆಗೆಯಲಿ. ತಜ್ಞರನ್ನು ಕರೆಸುವಾಗ ಬರೆದಿಟ್ಟ ವಾಕ್ಯ ಕೊಟ್ಟು ಓದಿಸುವುದಕ್ಕಿಂತ ‘ಇದಕ್ಕೆ ಆಧಾರವೇನು’ ಎಂಬ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ‘ಆದರೆ’ ಬರುವ ತನಕ ಕತ್ತರಿಸದೆ ಬಿಡಲಿ. ಇತಿಹಾಸಕಾರರ ಮಾತಿನ ಜೀವ ಇರುವುದು ಬಹುಪಾಲು ಆ ‘ಆದರೆ’ಯ ಆಚೆಗೆ. ಹತ್ತರ ಜಾಗದಲ್ಲಿ ನಾಲ್ಕು ಸಂಗತಿ ಹಾಕಿದರೆ ಒಂದಕ್ಕೆ ಐದೂವರೆ ನಿಮಿಷ ಸಿಗುತ್ತದೆ.

ತಪ್ಪು ಆಗಿಯೇ ಆಗುತ್ತದೆ. ಮುಂದಿನ ಕಂತಿನ ಕೊನೆಯಲ್ಲಿ, ಹೆಸರುಗಳ ಪಟ್ಟಿ ಓಡುವಾಗ, ಸಣ್ಣ ಅಕ್ಷರದಲ್ಲಿ ವಿಷಾದ ಸೂಚಿಸಿದರೆ ಪ್ರಯೋಜನವಿಲ್ಲ. ಇಂಥ ಕಂತುಗಳು ಮಧ್ಯಾಹ್ನ, ನಡುರಾತ್ರಿ ಎಂದು ವರ್ಷಗಟ್ಟಲೆ ಮರುಪ್ರಸಾರವಾಗುತ್ತವೆ, ತುಂಡುಗಳಾಗಿ ಮೊಬೈಲಿಗೆ ಹೋಗುತ್ತವೆ. ತಿದ್ದುಪಡಿ ಮೂಲ ಕಡತದಲ್ಲೇ, ತಪ್ಪು ಬರುವ ಆ ನಿಮಿಷದಲ್ಲೇ ಆಗಬೇಕು. ಧ್ವನಿ ಮತ್ತೆ ಮುದ್ರಿಸಲು ನಿರೂಪಕರು ಸಿಗದಿದ್ದರೆ ತೆರೆಯ ಮೇಲೆ ಒಂದು ಪಟ್ಟಿಯನ್ನಾದರೂ ಹಾಕಿ, ತಿದ್ದಿದ ದಿನಾಂಕದೊಂದಿಗೆ ಹೊಸ ಕಡತ ಇಟ್ಟು, ಹಳೆಯದನ್ನು ಪ್ರಸಾರದ ಸಾಲಿನಿಂದ ತೆಗೆದುಹಾಕಲಿ.

ಇತಿ,
ಇತಿಹಾಸ ಓದುವ ಕೆಲವರು